ಬಂದೇಅಲಿಯವರ ಒಂಬತ್ತು ಬೂದು

ಜನವರಿಯ ಮೊದಲ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬಂದೇಅಲಿ ಬಕೆಟ್ಟಿನಲ್ಲಿ ಅರಿವೆ ಅದ್ದಿ, ಹಿಂಡದೆ ಎತ್ತಿ, ಎದುರಿಗೆ ಒರಗಿಸಿದ್ದ ಕಲ್ಲಿನ ಮೇಲೆ ಎಳೆದರು. ಒಣಗಿದ್ದಾಗ ಹಿಟ್ಟು ಉದುರಿಸಿದಂತೆ ಕಾಣುತ್ತಿದ್ದ ಕಲ್ಲು, ಅರಿವೆ ಹಾದುಹೋದಲ್ಲೆಲ್ಲ ತನ್ನ ಬಣ್ಣ ತೋರಿತು. ಮೂರು ಎಣಿಸುವಷ್ಟು ಹೊತ್ತು ನೋಡಿ ಎಡಗಡೆ ಪೇರಿಸಿದ್ದ ಕಲ್ಲಿನ ಥಪ್ಪಿಗೆ ಕೈ ತೋರಿಸಿದರು. ಇಬ್ಬರು ಹಮಾಲರು ಕಲ್ಲನ್ನು ಎತ್ತಿಕೊಂಡು ಹೋದರು. ಇನ್ನೊಂದು ಬಂತು. ಮತ್ತೆ ಅರಿವೆ, ಮತ್ತೆ ಮೂರು ಎಣಿಕೆ. ಈ ಸಲ ಕೈ ಬಲಗಡೆಗೆ ಹೋಯಿತು.

ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಬದಿಯ, ನೆಲಕ್ಕೆ ಹಾಸುವ ಕಲ್ಲಿನ ಈ ಫರ್ಸಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರ ಕೆಲಸ ಇದೇ. ಖಣಿಯಿಂದ ಬಂದ ಕಲ್ಲು ಮಷಿನ್ನಿನಡಿ ನುಣುಪಾಗಿ ಹೊರಬಿದ್ದ ಮೇಲೆ ಯಾವುದು ಯಾವುದರ ಪಕ್ಕ ಕೂಡುತ್ತದೆ ಎಂದು ಬಣ್ಣ ನೋಡಿ ಬೇರೆ ಮಾಡಬೇಕು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವರು ಖಣಿಯಲ್ಲೇ ಇದ್ದರು. ಸುತ್ತಿಗೆ, ಚಾಣದಿಂದ ಕಲ್ಲಿನ ಪದರು ಬಿಡಿಸುತ್ತಿದ್ದರು. ನಲವತ್ತನೆಯ ವಯಸ್ಸಿನಲ್ಲಿ ಒಂದು ದಿನ ಜಾರಿದ ಕಲ್ಲು ಸೊಂಟಕ್ಕೆ ತಗಲಿತು. ಅಂದಿನಿಂದ ಅವರು ಭಾರ ಎತ್ತುವಂತಿಲ್ಲ, ಹೆಚ್ಚು ಹೊತ್ತು ಬಾಗುವಂತಿಲ್ಲ. ಉಳಿದದ್ದು ಕಣ್ಣು. ಕಾರ್ಖಾನೆಯ ಮಾಲೀಕ ಶರಣಬಸಪ್ಪ ಆ ಕಣ್ಣನ್ನು ನೋಡಿಯೇ ಅವರನ್ನು ಕರೆದು ಕೂರಿಸಿಕೊಂಡಿದ್ದರು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಚಾಚಾ.

ಕಾರ್ಖಾನೆಯ ರಿಜಿಸ್ಟರಿನಲ್ಲಿ ಇರುವುದು ಎರಡೇ ಬಣ್ಣ, ಬೂದು ಮತ್ತು ಹಳದಿ. ಬಂದೇಅಲಿಯವರಿಗೆ ಬೂದು ಒಂದರಲ್ಲೇ ಒಂಬತ್ತು ಇವೆ. ಎಲ್ಲಕ್ಕೂ ಕಪ್ಪಾದದ್ದು ಎಮ್ಮೆ ಮೈ. ಅದಕ್ಕಿಂತ ಕೂದಲೆಳೆಯಷ್ಟು ತಿಳಿಯಾದದ್ದು ರೊಟ್ಟಿ ಹಂಚು. ನಡುವೆ ಐದನೆಯದು ಪಾರಿವಾಳ, ಆರನೆಯದು ತೊಗರಿ ಹೊಟ್ಟು. ಕಟ್ಟಕಡೆಗೆ ಒಲೆಯ ಬೂದಿ. ಹೆಸರುಗಳನ್ನು ಇಟ್ಟವರು ಅವರೇ. ಹಮಾಲರಿಗೂ ಬಾಯಿಪಾಠವಾಗಿವೆ. ಹೊಸಬರು ಯಾರಾದರೂ ಬಂದು, ಹಮಾಲನೊಬ್ಬ ‘ಎಮ್ಮಿ ಎಲ್ಲಿ ಇಡಲ್ರಿ’ ಎಂದು ಕೂಗಿದ್ದು ಕೇಳಿದರೆ ಕಕ್ಕಾಬಿಕ್ಕಿಯಾಗುತ್ತಾರೆ.

ಚಳಿಗಾಲದಲ್ಲಿ ಈ ಕೆಲಸ ಕಷ್ಟದ್ದು. ನವೆಂಬರ್ ಕಳೆದರೆ ಈ ಕಡೆ ಹಸಿರು ಎನ್ನುವುದು ತೊಗರಿ ಹೊಲಕ್ಕಷ್ಟೇ ಉಳಿಯುತ್ತದೆ. ತೊಗರಿ ಕೊಯ್ದ ಮೇಲೆ ಅದೂ ಇಲ್ಲ. ಖಣಿಯ ಧೂಳು, ರಸ್ತೆಯ ಧೂಳು, ಸಿಮೆಂಟಿನ ಧೂಳು ಎಲ್ಲ ಸೇರಿ ಮರ, ಮನೆ, ಎಮ್ಮೆ, ಮನುಷ್ಯರ ಹುಬ್ಬು ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುತ್ತದೆ. ಕಲ್ಲು ತುಂಬಲು ಬಂದಿದ್ದ ರಾಜಸ್ಥಾನದ ಲಾರಿ ಚಾಲಕನೊಬ್ಬ ಹಿಂದೊಮ್ಮೆ ಇಲ್ಲಿ ಕೆಳಗಿಳಿದು, ಕಂಬಳಿ ಬಿಗಿ ಮಾಡಿಕೊಂಡು, ಇದು ನಮ್ಮ ಮರುಭೂಮಿಯ ಚಳಿಗಾಲವೇ, ಒಂಟೆ ಒಂದು ಕಡಿಮೆ ಎಂದಿದ್ದನಂತೆ. ಬಂದೇಅಲಿ ಅವನನ್ನು ಕರೆದು ಧೂಳು ಕುಳಿತ ಒಂದು ಕಲ್ಲಿನ ಮೇಲೆ ನೀರು ಚೆಲ್ಲಿ ತೋರಿಸಿದ್ದರು. ಕಲ್ಲಿನೊಳಗೆ ಜಾಲಿ ಗಿಡದಂಥ ಕಪ್ಪು ಗೆರೆಗಳು ಟೊಂಗೆ ಟೊಂಗೆಯಾಗಿ ಎದ್ದವು. ಚಾಲಕ ತನ್ನ ಬಾಟಲಿಯ ನೀರನ್ನೂ ಚೆಲ್ಲಿ ಎರಡನೆಯ ಸಲ ನೋಡಿದ.

ಆ ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಗೇಟಿನಲ್ಲಿ ಲಾರಿಯೊಂದು ಬಂದು ನಿಂತಿತು. ಖಾಲಿ ಬರಬೇಕಾದ ಲಾರಿ ಕಲ್ಲು ಹೊತ್ತುಕೊಂಡು ಬಂದಿತ್ತು. ನಾಲ್ಕು ದಿನದ ಹಿಂದೆ ಚಿಂಚೋಳಿಗೆ ಹೋಗಿದ್ದ ಮಾಲು ಅದು. ಅಲ್ಲಿ ಹೊಸದಾಗಿ ಕಟ್ಟಿರುವ ಮದುವೆ ಹಾಲಿಗೆ ಒಂದೇ ಬಣ್ಣದ ನೆಲ ಬೇಕೆಂದು ಗುತ್ತಿಗೆದಾರ ಕಾಶೀನಾಥ ಕೇಳಿದ್ದರು. ಬಂದೇಅಲಿ ಪಾರಿವಾಳ ಆರಿಸಿ ಕಳಿಸಿದ್ದರು. ಗಾರೆಯವರು ಹಾಸುವ ಮೊದಲು ಕಲ್ಲನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿ ನೀರು ಹೊಡೆದಾಗ ಒಂದು ಕಲ್ಲು ಒಂದು ಬಣ್ಣ, ಪಕ್ಕದ್ದು ಇನ್ನೊಂದು ಬಣ್ಣ ಕಂಡಿದೆ. ಶರಣಬಸಪ್ಪನವರಿಗೆ ಕಾಶೀನಾಥರ ಫೋನು ಲಾರಿಗಿಂತ ಮೊದಲೇ ಬಂದಿತ್ತು.

‘ನಿಮ್ಮ ಚಾಚಾ ಚೌಕಾಬಾರದ ಮನಿ ಬರದು ಕಳಿಸ್ಯಾರಲ್ರಿ,’ ಎಂದಿದ್ದರು ಅವರು. ‘ಮದಿವಿಗಿ ಬಂದ ಮಂದಿ ಊಟ ಬಿಟ್ಟು ಕವಡಿ ಆಡಕೋತ ಕುಂದರ್ತಾರ.’

ಹಾಲಿನಲ್ಲಿ ಮೊದಲ ಮದುವೆ ಜನವರಿಯ ಕೊನೆಯ ಭಾನುವಾರಕ್ಕೆ ಗೊತ್ತಾಗಿತ್ತು. ಸರಿಯಾದ ಮಾಲು ಈ ಶನಿವಾರ ಹೊರಡದಿದ್ದರೆ ನೆಲ ಹಾಸಿ ಮುಗಿಯುವುದಿಲ್ಲ. ಶರಣಬಸಪ್ಪ ಸಿಟ್ಟಿನ ಮನುಷ್ಯರಲ್ಲ. ಬಂದೇಅಲಿಯವರನ್ನು ಆಫೀಸಿನೊಳಗೆ ಕರೆದು ಕುರ್ಚಿ ಎಳೆದು ಕೊಟ್ಟು, ಮಾತನ್ನು ಮೇಜಿನ ಮೇಲಿನ ಪೇಪರ್‌ವೇಟಿಗೆ ಹೇಳುವವರಂತೆ ಹೇಳಿದರು.

‘ಚಾಚಾ, ನಾ ಏನೂ ಅನ್ನಂಗಿಲ್ಲ. ಒಮ್ಮಿ ಕಣ್ಣ ತೋರಿಸ್ಕೊಂಡು ಬರ್ರಿ. ಶನಿವಾರದ ತನಕ ನೋಡ್ತೀನಿ. ಆಗಲಿಲ್ಲಂದ್ರ ತಾಂಡೂರಿಂದ ಒಬ್ಬಂವನ ಕರಿಸಬೇಕಾಗ್ತದ.’

ತಾಂಡೂರಿನಲ್ಲೂ ಇದೇ ಬಗೆಯ ಕಲ್ಲು, ಇದೇ ಬಗೆಯ ಕಾರ್ಖಾನೆಗಳು. ಅಲ್ಲಿಯವರಿಗೆ ಬೂದು ನೋಡಲು ಬರುವುದಿಲ್ಲ, ಹಳದಿಯಷ್ಟೇ ಬರುತ್ತದೆ ಎನ್ನುವುದು ಬಂದೇಅಲಿಯವರ ಬಹಳ ದಿನದ ಮಾತು. ಅಂದು ಅದನ್ನು ಅವರು ಹೇಳಲಿಲ್ಲ. ಬಣ್ಣ ನೋಡುವ ಕೆಲಸ ಹೋದರೆ ಅವರಿಗೆ ಕಾರ್ಖಾನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಬೇರೆ ಯಾವ ಕಾರ್ಖಾನೆಯೂ ಐವತ್ತೊಂಬತ್ತು ವಯಸ್ಸಿನ, ಸೊಂಟ ಮುರಿದ, ಕಣ್ಣು ಕೆಟ್ಟ ಮನುಷ್ಯನನ್ನು ಕರೆಯುವುದಿಲ್ಲ.

ಮಂಗಳವಾರ ಅವರು ಬಸ್ಸು ಹಿಡಿದು ಚಿತ್ತಾಪುರದ ಸರಕಾರಿ ಆಸ್ಪತ್ರೆಗೆ ಹೋದರು. ಕಣ್ಣು ತಪಾಸಣೆ ಮಾಡುವ ಸಪ್ನಾ ಎಂಬ ಹುಡುಗಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿದಳು. ಬಲಗಣ್ಣು ಕಡೆಯ ಸಾಲಿನವರೆಗೆ ಹೋಯಿತು. ಎಡಗಣ್ಣು ಎರಡು ಸಾಲು ಮೊದಲೇ ನಿಂತಿತು. ದೀಪ ಹಿಡಿದು ನೋಡಿದ ಮೇಲೆ ಎಡಗಣ್ಣಿನಲ್ಲಿ ಪೊರೆ ಬರುವುದು ಶುರುವಾಗಿದೆ, ಇನ್ನೂ ತೆಳ್ಳಗಿದೆ, ಆಪರೇಷನ್ನಿಗೆ ಈಗ ಅವಸರವಿಲ್ಲ ಎಂದಳು.

ಬಂದೇಅಲಿ ಕೇಳಬೇಕೆಂದು ಬಂದದ್ದು ಒಂದೇ ಪ್ರಶ್ನೆ. ಬೂದು ಬಣ್ಣದಲ್ಲಿ ಭೇದ ಗೊತ್ತಾಗದಂತೆ ಆಗುತ್ತದೆಯೇ?

ಸಪ್ನಾ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟಳು. ‘ಪೊರೆ ಬಲಿತ್ರ ಎಲ್ಲಾ ಒಂದೀಟ ಹಳದಿ ಕಾಣತದರಿ ಕಾಕಾ. ನಿಮ್ಮದು ಅಷ್ಟ ಬಲತಿಲ್ಲ. ಆದ್ರ ಬೂದು ಬಣ್ಣ ನಿಮಗ ಹೆಂಗ ಕಾಣಲಿಕತ್ತದ ಅಂತ ನನ್ನ ಚಾರ್ಟ್ ಹೇಳಂಗಿಲ್ರಿ.’

ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟಳು. ಅಲ್ಲಿ ಸಿಕ್ಕ ತಾರೀಕು ಇಪ್ಪತ್ತೊಂದು. ಶನಿವಾರ ಹತ್ತನೇ ತಾರೀಕಿಗೇ ಬರುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಜಾನಬಿ ಹೊಸ್ತಿಲ ಹೊರಗೆ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದರು. ಹಳೆ ಸೀರೆ, ಲುಂಗಿ, ಅಂಗಿಯ ಬೆನ್ನು, ಎಲ್ಲ ತುಂಡು ತುಂಡಾಗಿ ಸುತ್ತ ಹರಡಿದ್ದವು. ಜಾನಬಿ ಮನೆಯಲ್ಲಿ ಆಡುವುದು ದಖನಿ ಉರ್ದು. ಆದರೆ ನಾಲವಾರದಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಸಿಟ್ಟು ಬಂದಾಗ, ಗಂಡನನ್ನು ಸಮಾಧಾನ ಮಾಡುವಾಗ ಅವರ ಬಾಯಿಗೆ ಕನ್ನಡವೇ ಬರುತ್ತದೆ. ಗಂಡ ಚೀಟಿ ತೋರಿಸಿ ಆದದ್ದನ್ನು ಹೇಳಿದ ಮೇಲೆ, ಅವರು ಸೂಜಿ ನಿಲ್ಲಿಸದೆ ಒಂದೊಂದೇ ಬಣ್ಣ ಕೇಳುತ್ತ ಹೋದರು. ಬಂದೇಅಲಿ ಒಂದೊಂದೇ ತುಂಡು ಕೊಡುತ್ತ ಹೋದರು. ಗಿಳಿ ಹಸಿರು ಕೇಳಿದರೆ ಗಿಳಿ ಹಸಿರು, ಎಲೆ ಹಸಿರು ಕೇಳಿದರೆ ಎಲೆ ಹಸಿರು.

‘ಕಣ್ಣ ಕೆಟ್ಟವರು ಹಿಂಗ ಕೊಡ್ತಾರೇನ್ರಿ?’ ಎಂದರು ಜಾನಬಿ.

ಬಂದೇಅಲಿಗೆ ಅದರಿಂದ ಧೈರ್ಯ ಬರಲಿಲ್ಲ. ಬಟ್ಟೆಯ ಬಣ್ಣ ತಾನಾಗಿಯೇ ಕೂಗಿ ಹೇಳುತ್ತದೆ, ಕಲ್ಲು ಹಾಗಲ್ಲ ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಬುಧವಾರ ಕೆಲಸಕ್ಕೆ ಹೋದವರು ಮೊದಲು ವಾಪಸ್ ಬಂದ ಕಲ್ಲುಗಳ ಬಳಿ ನಿಂತರು. ಕಾರ್ಖಾನೆಯವರು ಅವನ್ನು ಯಥಾಪ್ರಕಾರ ಅವರು ಕೂರುವ ಜಾಗದಲ್ಲೇ, ಧೂಳು ತಡೆಯಲು ಮೇಲೆ ಕಟ್ಟಿದ್ದ ತಾಡಪತ್ರಿಯ ಕೆಳಗೆ ಇಳಿಸಿದ್ದರು. ಗಾರೆಯವರು ಬೇರೆ ಬಣ್ಣದ್ದೆಂದು ತೋರಿದ ಕಲ್ಲುಗಳ ಮೇಲೆಲ್ಲ ಸುಣ್ಣದ ಕಡ್ಡಿಯಿಂದ ತಪ್ಪು ಎನ್ನುವ ಗುರುತು ಹಾಕಿದ್ದರು. ಬಂದೇಅಲಿ ಗುರುತು ಇದ್ದದ್ದನ್ನೂ ಇಲ್ಲದ್ದನ್ನೂ ಪಕ್ಕಪಕ್ಕ ಇಡಿಸಿ ಎರಡರ ಮೇಲೂ ಅರಿವೆ ಎಳೆದರು. ಎರಡೂ ಪಾರಿವಾಳ. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಕೂದಲೆಳೆಯ ಭೇದವೂ ಕಾಣಲಿಲ್ಲ. ಚಿಂಚೋಳಿಯಲ್ಲಿ ಗಾರೆ ಕೆಲಸದವರಿಗೆ ಕಂಡದ್ದು, ಗುತ್ತಿಗೆದಾರನಿಗೆ ಕಂಡದ್ದು, ನೀರು ಹೊಡೆಯುವ ಹೆಣ್ಣುಮಕ್ಕಳಿಗೂ ಕಂಡದ್ದು ತಮಗೆ ಕಾಣುತ್ತಿಲ್ಲ.

ಪಾಲಿಶ್ ಮಷಿನ್ ನಡೆಸುವ ಅಂಬಾರಾಯ ಹನ್ನೆರಡು ವರ್ಷದಿಂದ ಅವರ ಜೊತೆ ಕೆಲಸ ಮಾಡುವವನು. ಬಂದೇಅಲಿ ಅವನನ್ನು ಕರೆದು, ನಿನಗೆ ಹೇಗೆ ಕಾಣುತ್ತದೆ ಎಂದು ಕೇಳಿದರು.

‘ಎರಡೂ ಒಂದ ಅವ ಚಾಚಾ,’ ಎಂದ ಅಂಬಾರಾಯ.

‘ನನ್ನ ಮಾರಿ ನೋಡಿ ಹೇಳಬ್ಯಾಡ, ಕಲ್ಲು ನೋಡಿ ಹೇಳು.’

‘ಕಲ್ಲ ನೋಡೇ ಹೇಳಲಿಕತ್ತೀನಿ. ಒಂದ ಅವ.’

ಅಂಬಾರಾಯನಿಗೆ ಬಣ್ಣದ ಗೊಡವೆ ಇಲ್ಲವೆನ್ನುವುದು ಕಾರ್ಖಾನೆಗೆಲ್ಲ ಗೊತ್ತು. ಕಲ್ಲು ಎಂದರೆ ಕಾಲಿಗೆ ಬೀಳಬಾರದ ವಸ್ತು, ಅಷ್ಟೇ ಅವನ ಮಟ್ಟಿಗೆ. ಜೊತೆಗೆ ಅವನು ಒಳ್ಳೆಯವನು. ಮುದುಕನ ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾನೆ ಎಂದು ಬಂದೇಅಲಿ ತಿಳಿದರು. ಇಡೀ ಪ್ರಸಂಗದಲ್ಲಿ ಅವರು ಮಾಡಿದ ತಪ್ಪೆಂದರೆ ಇದೊಂದೇ. ಅಂಬಾರಾಯ ಕಂಡದ್ದನ್ನೇ ಹೇಳಿದ್ದ.

ಲಾರಿಯಲ್ಲಿ ಹೋಗಿ ಬರುವಾಗ ಕೆಲವು ಕಲ್ಲುಗಳ ಮೂಲೆ ಮುರಿದಿದ್ದವು. ಸಂಜೆ ಹೊರಡುವಾಗ ಬಂದೇಅಲಿ ಗುರುತಿದ್ದ ಕಲ್ಲಿನದೊಂದು, ಗುರುತಿಲ್ಲದ ಕಲ್ಲಿನದೊಂದು, ಹೀಗೆ ಅಂಗೈ ಅಗಲದ ಎರಡು ತುಂಡು ಆರಿಸಿ ಸೈಕಲ್ಲಿನ ಚೀಲಕ್ಕೆ ಹಾಕಿಕೊಂಡರು. ಗುರುತಿದ್ದದ್ದರ ಬೆನ್ನಿಗೆ ಇದ್ದಿಲಿನಿಂದ ಒಂದು ಗೆರೆ ಎಳೆದರು. ಏನು ಮಾಡಬೇಕೆಂದು ಅವರಿಗೂ ಆಗ ಸ್ಪಷ್ಟವಿರಲಿಲ್ಲ. ಮನೆಯಲ್ಲಿ ಒಂದು ನೆಲವಿದೆ ಎನ್ನುವುದಷ್ಟೇ ಮನಸ್ಸಿನಲ್ಲಿತ್ತು.

ಆ ನೆಲದ ವಿಷಯ ಹೇಳಬೇಕು. ವಾಡಿಯಲ್ಲಿ ರೈಲ್ವೆ ಹಳಿಯ ಆಚೆ ಅವರದು ಒಂದು ಉದ್ದನೆಯ ಕೋಣೆ, ಅದರ ಕೊನೆಗೆ ಅಡುಗೆ ಮನೆ. ಹದಿನೈದು ವರ್ಷದ ಹಿಂದೆ ಅದು ಮಣ್ಣಿನ ನೆಲವಾಗಿತ್ತು. ಕಾರ್ಖಾನೆಯಲ್ಲಿ ಮೂಲೆ ಮುರಿದ, ಗೆರೆ ಬಿದ್ದ, ಯಾರೂ ಕೊಳ್ಳದ ಕಲ್ಲುಗಳನ್ನು ಶರಣಬಸಪ್ಪ ಒಯ್ಯಲು ಹೇಳಿದ್ದರು. ಬೇರೆಯವರಾಗಿದ್ದರೆ ಒಂದೇ ಬಂಡಿಯಲ್ಲಿ ತಂದು ಒಂದೇ ವಾರದಲ್ಲಿ ಹಾಸಿಬಿಡುತ್ತಿದ್ದರು. ಬಂದೇಅಲಿ ಹನ್ನೊಂದು ವರ್ಷ ತೆಗೆದುಕೊಂಡರು. ಹೊಸ್ತಿಲಿನ ಬಳಿ ಎಮ್ಮೆ ಮೈ, ಅದರ ಮುಂದೆ ಹಂಚು, ಹೀಗೆ ಒಂದೊಂದೇ ಸಾಲು ತಿಳಿಯಾಗುತ್ತ ಹೋಗಿ, ಒಂಬತ್ತನೆಯ ಸಾಲು ಒಲೆಯ ಬೂದಿ ಒಲೆಯ ಮುಂದೆಯೇ ಮುಗಿಯುತ್ತದೆ. ಸಾಲಿಗೆ ಕೂಡದ ಕಲ್ಲು ಬಂದರೆ ಅದು ಹಿತ್ತಲಿಗೆ ಹೋಗುತ್ತಿತ್ತು. ಹಿತ್ತಲು ತುಂಬಿದ್ದಕ್ಕೆ ಜಾನಬಿ ವರ್ಷಗಟ್ಟಲೆ ಬೈದಿದ್ದಾರೆ. ಬಾಗಿಲಲ್ಲಿ ನಿಂತು ನೋಡಿದರೆ ನೆಲ ಎಲ್ಲಿ ಬಣ್ಣ ಬದಲಾಯಿಸಿತೆಂದು ಹೇಳಲು ಬರುವುದಿಲ್ಲ, ಆದರೆ ಕತ್ತಲೆಯಿಂದ ಬೆಳಕಿಗೆ ಬಂದಿರುತ್ತದೆ. ನೋಡಲು ಯಾರನ್ನೂ ಅವರು ಕರೆದವರಲ್ಲ. ಮನೆಗೆ ಬಂದವರು ಚಪ್ಪಲಿ ಬಿಡುತ್ತಾರೆ, ಕೂರುತ್ತಾರೆ, ನೆಲ ತಂಪಾಗಿದೆ ಎನ್ನುತ್ತಾರೆ.

ಮನೆಯ ಬಾಗಿಲು ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ ಹೊರಳಿದೆ. ವರ್ಷದ ಉಳಿದ ತಿಂಗಳು ಬಿಸಿಲು ಎರಡನೇ ಸಾಲಿಗೇ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಸೂರ್ಯ ದಕ್ಷಿಣಕ್ಕೆ ಸರಿದು ಹುಟ್ಟಿ, ಎಳೆಬಿಸಿಲು ಒಲೆಯವರೆಗೆ ಹಾಸಿಕೊಳ್ಳುತ್ತದೆ. ಜಾನಬಿ ನೆಲ ಒರೆಸುವುದೂ ಅದೇ ಹೊತ್ತಿಗೆ. ಹಸಿ ನೆಲದ ಮೇಲೆ ಆ ಬಿಸಿಲು ಬೀಳುವ ಹತ್ತು ಹನ್ನೆರಡು ನಿಮಿಷ ಒಂಬತ್ತೂ ಸಾಲು ಬೇರೆಬೇರೆಯಾಗಿ ಕಾಣುತ್ತವೆ. ಆ ಹೊತ್ತಿಗೆ ಬಂದೇಅಲಿ ಗೋಡೆಗೆ ಒರಗಿ ಚಹಾ ಕುಡಿಯುತ್ತಿರುತ್ತಾರೆ. ಚಳಿಗಾಲ ಬಂತೆಂದರೆ ಅವರಿಗೆ ಮೊದಲು ನೆನಪಾಗುವುದು ಇದೇ.

ಗುರುವಾರ ಬೆಳಿಗ್ಗೆ ಬಿಸಿಲು ಬಂದಾಗ ಅವರು ಚಹಾ ಮುಟ್ಟಲಿಲ್ಲ. ಚೀಲದಿಂದ ತುಂಡುಗಳನ್ನು ತೆಗೆದು ನೀರಲ್ಲಿ ಅದ್ದಿ, ಗೆರೆ ಇಲ್ಲದ್ದನ್ನು ಮೊದಲು ಆಗಷ್ಟೇ ಒರೆಸಿದ ನೆಲದ ಮೇಲಿಟ್ಟರು. ಮೂರನೆಯ ಸಾಲಿನಲ್ಲಿ ಅದು ಬಿಳಿಚಿಕೊಂಡು ಕಂಡಿತು. ನಾಲ್ಕರಲ್ಲೂ ಕಂಡಿತು. ಐದನೆಯ ಸಾಲಿಗೆ ತಂದಾಗ ಅಂಚಿನ ನೆರಳಷ್ಟೇ ಉಳಿದು ತುಂಡು ನೆಲದಲ್ಲಿ ಕರಗಿಹೋಯಿತು. ಪಾರಿವಾಳ.

ನಂತರ ಇದ್ದಿಲ ಗೆರೆಯದ್ದು. ಐದನೆಯ ಸಾಲಿನಲ್ಲೇ ಇಟ್ಟರು. ಮಾಸಿದ ಅಂಗಿಗೆ ಹೊಸ ತ್ಯಾಪೆ ಹಾಕಿದಂತೆ ಅದು ಎದ್ದು ಕಾಣುತ್ತಿತ್ತು. ಬಂದೇಅಲಿ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಎಡಗಣ್ಣು ಮುಚ್ಚಿದರು, ಬಲಗಣ್ಣು ಮುಚ್ಚಿದರು. ಹಾಗೆಯೇ ಕಾಣುತ್ತಿತ್ತು. ಕಾಣಲಿ ಎಂಬ ಆಸೆಗೇ ಹಾಗೆ ಕಾಣುತ್ತಿದೆಯೇನೋ ಎಂಬ ಅನುಮಾನವೂ ಬಂತು. ತುಂಡನ್ನು ಅಲ್ಲೇ ಬಿಟ್ಟು ಕೂತರು.

ಒರೆಸುವ ಅರಿವೆ ಹಿಡಿದು ಅಡುಗೆ ಮನೆಯ ಕಡೆಯಿಂದ ಬಂದ ಜಾನಬಿಗೆ ಇದಾವುದೂ ಗೊತ್ತಿರಲಿಲ್ಲ. ನೆಲದ ಮೇಲಿನ ತುಂಡು ನೋಡಿ ನಿಂತರು.

‘ಅದು ಅಲ್ಲೀದಲ್ರಿ,’ ಎಂದರು. ‘ಒಂದು ಸಾಲು ಈ ಕಡಿ ಸರಸ್ರಿ.’

ಬಂದೇಅಲಿ ಸರಿಸಿದರು. ಆರನೆಯ ಸಾಲಿನಲ್ಲಿ ಅದೂ ಕರಗಿತು. ತೊಗರಿ ಹೊಟ್ಟು.

ಅವರು ತಮಗೆ ಕಂಡದ್ದನ್ನು ಹೆಂಡತಿಗೆ ಹೇಳಿದರು. ಜಾನಬಿ, ಇದನ್ನು ನೋಡಲು ಚಿತ್ತಾಪುರದ ತನಕ ಹೋಗಿದ್ದಿರಾ ಎಂದು ದಖನಿಯಲ್ಲಿ ಕೇಳಿ ಒಳಗೆ ಹೋದರು. ಮೂರು ದಿನದಲ್ಲಿ ಮೊದಲ ಸಲ ಬಂದೇಅಲಿ ಪೂರ್ತಿ ಚಹಾ ಕುಡಿದರು, ಇನ್ನೊಂದು ಕಪ್ಪು ಕೇಳಿ ಪಡೆದು ಕುಡಿದರು. ಬಿಸಿಲು ಆ ಹೊತ್ತಿಗೆ ಏಳನೇ ಸಾಲಿನಿಂದ ಹಿಂದೆ ಸರಿಯತೊಡಗಿತ್ತು.

ಆದರೂ ಒಂದು ತೊಡಕು ಉಳಿದಿತ್ತು. ಇಲ್ಲಿ ಕಂಡದ್ದು ನಿನ್ನೆ ಅಲ್ಲಿ ಏಕೆ ಕಾಣಲಿಲ್ಲ? ಅವರು ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದರು.

ಕಾರ್ಖಾನೆಯಲ್ಲಿ ತಮ್ಮ ಜಾಗದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಅರಿವೆ ಎಳೆದರು. ಒಂದೇ ಬಣ್ಣ. ಒಂದನ್ನು ತೆಗೆದುಕೊಂಡು ಮಷಿನ್ನಿನ ಕಡೆ ಬಿಸಿಲಿಗೆ ಬಂದರು. ಬಂದು, ಇನ್ನೊಂದನ್ನು ತರಲು ಹೋದರು. ಬಿಸಿಲಿನಲ್ಲಿ ಎರಡನ್ನೂ ಇಟ್ಟಾಗ ಒಂದು ನೀಲಿಯ ಕಡೆಗೆ, ಒಂದು ಹಳದಿಯ ಕಡೆಗೆ, ಮನೆಯಲ್ಲಿ ಕಂಡಂತೆಯೇ ಕಂಡವು. ಮತ್ತೆ ಒಳಗೆ ಒಯ್ದರು. ಒಂದಾದವು. ಮತ್ತೆ ಹೊರಗೆ ತಂದರು. ನಾಲ್ಕನೇ ಸಲ ಅವರು ಕಲ್ಲು ಹಿಡಿದು ಹೊರಬಂದಾಗ ಅಂಬಾರಾಯ ಮಷಿನ್ ಬಂದ್ ಮಾಡಿ, ‘ಯಾಕ್ರಿ ಚಾಚಾ, ಕಲ್ಲಿಗಿ ಚಳಿ ಹತ್ಯಾದೇನು, ಬಿಸಿಲಿಗಿ ತರಲಿಕತ್ತೀರಿ,’ ಎಂದ.

ಬಂದೇಅಲಿ ಹಿಂದಿರುಗಿ ತಮ್ಮ ಜಾಗದ ಮೇಲ್ಗಡೆ ನೋಡಿದರು. ಮೇಲೆ ಹಳದಿ ತಾಡಪತ್ರಿ ಇತ್ತು.

ಅದನ್ನು ಕಟ್ಟಿಸಿದ್ದು ಡಿಸೆಂಬರಿನ ಎರಡನೇ ವಾರ. ರಸ್ತೆಯ ಧೂಳು ಹಸಿ ಕಲ್ಲಿನ ಮೇಲೆ ಕುಳಿತು ಕೆಸರಾಗುತ್ತದೆ, ಚಾಚಾ ಒಂದು ಕಲ್ಲನ್ನು ಮೂರು ಸಲ ತೊಳೆಯಬೇಕಾಗುತ್ತದೆ ಎಂದು ಶರಣಬಸಪ್ಪ ತಾವೇ ಸೇಡಂಗೆ ಹೋದಾಗ ಆರಿಸಿ ತಂದಿದ್ದರು. ತೆಳ್ಳಗಿನ ಒಳ್ಳೆಯ ತಾಡಪತ್ರಿ. ಮೇಲೊಂದು, ರಸ್ತೆಯ ಕಡೆಗೊಂದು ಕಟ್ಟಿದ ಮೇಲೆ ಧೂಳು ನಿಂತಿತು. ಬೆಳಕು ಬರುತ್ತಿತ್ತು, ಹಳದಿಯಾಗಿ ಬರುತ್ತಿತ್ತು. ಒಳಗೆ ಐದು ನಿಮಿಷ ಕೂತರೆ ಕಣ್ಣಿಗೆ ಅದು ಹಳದಿ ಎನ್ನುವುದೇ ಮರೆತುಹೋಗುತ್ತಿತ್ತು. ಪಾರಿವಾಳಕ್ಕೂ ತೊಗರಿ ಹೊಟ್ಟಿಗೂ ಕಪ್ಪು ಬಿಳುಪಿನಲ್ಲಿ ಹೆಚ್ಚು ಭೇದವಿಲ್ಲ. ಒಂದರಲ್ಲಿ ಚೂರು ನೀಲಿ, ಇನ್ನೊಂದರಲ್ಲಿ ಚೂರು ಹಳದಿ, ಅಷ್ಟೇ. ಹಳದಿ ಬೆಳಕಿನಲ್ಲಿ ಆ ನೀಲಿ ಸತ್ತುಹೋಗುತ್ತಿತ್ತು. ಡಿಸೆಂಬರಿನಿಂದ ಹೋದ ಉಳಿದ ಮಾಲೆಲ್ಲ ಅಂಗಳಕ್ಕೆ, ದನದ ಕೊಟ್ಟಿಗೆಗೆ ಹಾಸುವ ಕಲ್ಲು. ತಾಡಪತ್ರಿ ಕಟ್ಟಿದ ಮೇಲೆ ಒಂದೇ ಬಣ್ಣ ಬೇಕೆಂದು ಕೇಳಿದ ಮೊದಲಿಗರು ಚಿಂಚೋಳಿಯವರು.

ಬಂದೇಅಲಿ ಅಂಬಾರಾಯನನ್ನು ಕರೆದರು. ಒಳಗೆ ತೋರಿಸಿದರು, ಹೊರಗೆ ತೋರಿಸಿದರು. ಬಣ್ಣದ ಗೊಡವೆ ಇಲ್ಲದ ಅಂಬಾರಾಯನಿಗೂ ಹೊರಗೆ ಎರಡು ಬಣ್ಣ ಕಂಡವು.

‘ನಿನ್ನಿ ನಾ ಹೇಳಿದ್ದು ಖರೆ ಇತ್ತಲ್ಲ,’ ಎಂದ ಅವನು. ‘ನನ್ನ ಮಾತಿಗಿ ಕಿಮ್ಮತ್ತೇ ಇಲ್ಲ ಇಲ್ಲಿ.’

ಅದಕ್ಕೆ ಬಂದೇಅಲಿ, ತಪ್ಪಾಯಿತು, ಇನ್ನು ಮೇಲೆ ನೀನು ಒಂದೇ ಎಂದರೆ ಒಂದೇ ಎಂದು ಹೇಳಿ ಕಲ್ಲಿನ ರಾಶಿಯ ಮೇಲೆ ಕೂತರು. ಅವರು ನಗುತ್ತಿದ್ದರೆಂದು ಅಂಬಾರಾಯ ಹೇಳುತ್ತಾನೆ. ಸೊಂಟ ಹಿಡಿದುಕೊಂಡು, ಸದ್ದಿಲ್ಲದೆ, ಬಹಳ ಹೊತ್ತು ನಕ್ಕರಂತೆ.

ಹನ್ನೊಂದು ಗಂಟೆಗೆ ಶರಣಬಸಪ್ಪ ಬಂದರು. ತುಂಡುಗಳನ್ನು ತಾವೇ ಕೈಯಲ್ಲಿ ಹಿಡಿದು ಎರಡು ಸಲ ಒಳಗೆ ಹೊರಗೆ ಓಡಾಡಿದರು. ತಾಡಪತ್ರಿಯನ್ನು ಕೆಳಗಿನಿಂದ ಬೆರಳಲ್ಲಿ ತಟ್ಟಿ ನೋಡಿದರು. ತಾವೇ ಆರಿಸಿ ತಂದ ವಸ್ತು.

‘ಅಂದ್ರ ಮೋತಿಬಿಂದು ಆಗಿದ್ದು ನನ್ನ ತಾಡಪತ್ರಿಗೇನು?’ ಎಂದರು ಕೊನೆಗೆ.

‘ನನಗೂ ಪೊರೆ ಸುರು ಆಗ್ಯಾದರಿ ಸಾವಕಾರ್ರ, ಎಡಗಣ್ಣಿಗಿ,’ ಎಂದರು ಬಂದೇಅಲಿ. ‘ಚಿತ್ತಾಪುರದಾಗ ಹೇಳ್ಯಾರ. ಮುಚ್ಚಿಡಂಗಿಲ್ಲ. ಆದ್ರ ಇದು ಅದರಿಂದ ಆಗಿದ್ದಲ್ಲ.’

ಶರಣಬಸಪ್ಪ ಹಮಾಲರಿಗೆ ಹೇಳಿ ತಾಡಪತ್ರಿ ಕೆಳಗಿಳಿಸಿದರು. ಹಗ್ಗ ಬಿಚ್ಚಿ ಅದು ಕೆಳಗೆ ಬಂದಾಗ ಅದರ ಮೇಲೆ ನಾಲ್ಕು ವಾರದಿಂದ ಕುಳಿತಿದ್ದ ಧೂಳೆಲ್ಲ ಎದ್ದು ಎಲ್ಲರ ಮೇಲೂ ಬಿತ್ತು. ಶರಣಬಸಪ್ಪನವರ ಬಿಳಿ ಅಂಗಿ ಒಲೆಯ ಬೂದಿಯ ಸಾಲಿಗೆ ಸೇರಿತು. ತಾಂಡೂರಿನ ಮನುಷ್ಯನ ಮಾತು ಮತ್ತೆ ಬರಲಿಲ್ಲ. ಅವರು ಆ ಮಾತನ್ನು ವಾಪಸ್ ತೆಗೆದುಕೊಳ್ಳಲೂ ಇಲ್ಲ. ಮಧ್ಯಾಹ್ನ ತಮ್ಮ ಮನೆಯಿಂದ ಬಂದ ಬುತ್ತಿಯಲ್ಲಿ ಎರಡು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಾಚಾನ ಕಡೆ ಕಳಿಸಿದರು.

ಗುರುವಾರ ಉಳಿದ ಹೊತ್ತು, ಶುಕ್ರವಾರ ನಮಾಜಿನ ಮೊದಲು ಮತ್ತು ನಂತರ, ಶನಿವಾರ ಬೆಳಿಗ್ಗೆ ಬಂದೇಅಲಿ ಬಯಲಲ್ಲಿ ಕೂತು ಚಿಂಚೋಳಿಯ ಮಾಲನ್ನು ಮತ್ತೆ ನೋಡಿದರು. ಧೂಳು ಬೀಳುತ್ತಿತ್ತು, ತೊಳೆಯುತ್ತಿದ್ದರು. ಮತ್ತೆ ಬೀಳುತ್ತಿತ್ತು, ಮತ್ತೆ ತೊಳೆಯುತ್ತಿದ್ದರು. ಗಾರೆಯವರು ಗುರುತು ಹಾಕಿದ್ದೆಲ್ಲ ತೊಗರಿ ಹೊಟ್ಟೇ ಆಗಿತ್ತು. ಅವರು ಗುರುತು ಹಾಕದೆ ಬಿಟ್ಟಿದ್ದರಲ್ಲೂ ಬಂದೇಅಲಿಗೆ ಮೂರು ಕಲ್ಲು ಸಿಕ್ಕವು. ಅವನ್ನು ಬಲಗಡೆಗೆ ಸರಿಸುವಾಗ ಹಮಾಲರ ಕಡೆ ತಿರುಗಿ, ನೋಡಿದಿರಾ ಎನ್ನುವಂತೆ ಹುಬ್ಬು ಹಾರಿಸಿದರು. ಕಡಿಮೆ ಬಿದ್ದಷ್ಟು ಪಾರಿವಾಳವನ್ನು ಹೊಸ ಕಲ್ಲಿನಿಂದ ಆರಿಸಿ ತುಂಬಿದರು. ಶನಿವಾರ ಮೂರು ಗಂಟೆಗೆ ಲಾರಿ ಸೇಡಂ ರಸ್ತೆ ಹಿಡಿಯಿತು.

ಭಾನುವಾರ ಸಂಜೆ ಕಾಶೀನಾಥರ ಫೋನು ಶರಣಬಸಪ್ಪನವರ ಬದಲು ನೇರವಾಗಿ ಬಂದೇಅಲಿಗೆ ಬಂತು. ಕಾಶೀನಾಥ ಹೊಗಳುವ ಮನುಷ್ಯರಲ್ಲ. ಕಲ್ಲನ್ನೆಲ್ಲ ಅಂಗಳದಲ್ಲಿ ಹಾಸಿ ನೀರು ಹೊಡೆಸಿದೆ ಎಂದರು.

‘ಚಾಚಾ, ಒಂದ ಕಲ್ಲು ಹಾಸಿದಂಗ ಕಾಣಲಿಕತ್ತದ,’ ಎಂದರು ಆಮೇಲೆ. ‘ಇನ್ನ ಕವಡಿ ಆಡವರಿಗಿ ಜಾಗಾ ಇಲ್ಲ.’

ಹಳದಿ ತಾಡಪತ್ರಿ ಈಗ ನಾಲವಾರದ ಹತ್ತಿರ ಅಂಬಾರಾಯನ ಅಣ್ಣನ ಹೊಲದಲ್ಲಿದೆ. ತೊಗರಿ ರಾಶಿಗೆ ಮಂಜು ಬೀಳದಂತೆ ಹೊದಿಸಿದ್ದಾರೆ. ಕಾರ್ಖಾನೆಗೆ ಬಿಳಿ ತಾಡಪತ್ರಿ ತರುವ ಮಾತಿದೆ. ಈ ಸಲ ಆರಿಸಲು ಚಾಚಾನೂ ಬರಬೇಕೆಂದು ಶರಣಬಸಪ್ಪ ಹೇಳಿದ್ದಾರೆ. ಅಲ್ಲಿಯವರೆಗೆ ಬಂದೇಅಲಿ ಬಯಲಲ್ಲೇ ಕೂರುತ್ತಾರೆ, ತಲೆಗೆ ಮಫ್ಲರ್ ಸುತ್ತಿ, ಪಕ್ಕದಲ್ಲಿ ಒಂದರ ಬದಲು ಎರಡು ಬಕೆಟ್ ನೀರು ಇಟ್ಟುಕೊಂಡು. ಎಮ್ಮೆ ಮೈ ಎಡಕ್ಕೆ, ಹಂಚು ಅದರ ಪಕ್ಕಕ್ಕೆ.

ಇಪ್ಪತ್ತೊಂದನೇ ತಾರೀಕು ಅವರೂ ಜಾನಬಿಯೂ ಬೆಳಗಿನ ರೈಲಿಗೆ ವಾಡಿಯಿಂದ ಕಲಬುರಗಿಗೆ ಹೋಗುತ್ತಾರೆ. ಸಪ್ನಾ ಬರೆದು ಕೊಟ್ಟ ಚೀಟಿಯ ಜೊತೆ ಆ ಎರಡು ಕಲ್ಲಿನ ತುಂಡನ್ನೂ ಚೀಲಕ್ಕೆ ಹಾಕಿಟ್ಟಿದ್ದಾರೆ, ಡಾಕ್ಟರಿಗೆ ತೋರಿಸಲು.